ಓದುಗರ ಪ್ರಶ್ನೆ, ವೈರಿಂಗ್ ಉತ್ತರ: ಹೊಸ ಪುಸ್ತಕವೂ ನಮ್ಮೂರಿನ ಅರ್ತ್ ಗುಂಡಿಯೂ

ಪ್ರಶ್ನೆ: ಸರ್, ಗಲ್ಫ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಈಗ ಊರಲ್ಲೇ ಮನೆ ವೈರಿಂಗ್ ಮಾಡುತ್ತಿದ್ದೇನೆ. ಅಲ್ಲಿ ನಮ್ಮ ಕಂಪೆನಿಯಲ್ಲಿ ಬ್ರಿಟನ್ನಿನ ವೈರಿಂಗ್ ನಿಯಮದ ಪುಸ್ತಕ, ಬಿಎಸ್ 7671, ನೋಡಿಯೇ ಕೆಲಸ. ನನ್ನ ಹತ್ತಿರ 2018ರ ನೀಲಿ ಮುಖಪುಟದ್ದು ಇದೆ. ಮೊನ್ನೆ ಇಂಗ್ಲೆಂಡಿನಿಂದ ಬಂದ ಭಾವ 2022ರ ಕಂದು ಮುಖಪುಟದ್ದು ತಂದುಕೊಟ್ಟರು. ಐನೂರಕ್ಕಿಂತ ಜಾಸ್ತಿ ಪುಟ. ಎಲ್ಲಿಂದ ಓದಲು ಶುರು ಮಾಡಲಿ? ಇದರಲ್ಲಿರುವುದನ್ನು ನಮ್ಮೂರಿನ ಮನೆಗಳಿಗೆ ಹಾಗೇ ಮಾಡಬಹುದಾ?
— ಓದುಗರೊಬ್ಬರು, ಕಾಪು

ಉತ್ತರ: ಒಳ್ಳೆಯ ಉಡುಗೊರೆಯನ್ನೇ ತಂದಿದ್ದಾರೆ ನಿಮ್ಮ ಭಾವ. ಈ ಪುಸ್ತಕದ ಮೊದಲ ಆವೃತ್ತಿ ಬಂದದ್ದು 1882ರಲ್ಲಿ. ಆಗ ಅದರ ಚಿಂತೆಯೆಲ್ಲ ವಿದ್ಯುತ್ ದೀಪದಿಂದ ಮನೆಗೆ ಬೆಂಕಿ ಬೀಳಬಾರದು ಅನ್ನುವುದು. ನಿಮ್ಮ ಕೈಯಲ್ಲಿರುವುದು 18ನೇ ಆವೃತ್ತಿಯ ಎರಡನೇ ತಿದ್ದುಪಡಿ.

ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೋಗಬೇಡಿ. ಆರಂಭದಲ್ಲೇ ಏನೇನು ಬದಲಾಗಿದೆ ಎಂದು ಕೊಟ್ಟಿರುತ್ತಾರೆ, ಅದನ್ನು ಓದಿ. ಆಮೇಲೆ ಪುಟಗಳ ಅಂಚು ನೋಡುತ್ತಾ ಹೋಗಿ. ಬದಲಾದ ಸಾಲುಗಳ ಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಇರುತ್ತದೆ. ಗೆರೆ ಕಂಡಲ್ಲಿ ನೀಲಿ ಪುಸ್ತಕದ ಅದೇ ನಂಬರ್ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ನಂಬರಿನ ಲೆಕ್ಕ ನಿಮಗೆ ಗೊತ್ತೇ ಇದೆ: 411 ಅಂದರೆ ನಾಲ್ಕನೇ ಭಾಗ, 41ನೇ ಅಧ್ಯಾಯ. ಮೊದಲು ಹೇಗಿತ್ತು, ಈಗ ಯಾಕೆ ಹೀಗಾಯಿತು ಎಂದು ಕೇಳಿಕೊಂಡು ಓದಿದರೆ ಮಾತ್ರ ತಲೆಯಲ್ಲಿ ಉಳಿಯುತ್ತದೆ.

ಇನ್ನೊಂದು ವಿಷಯ. 2024ರಲ್ಲಿ ಮೂರನೇ ತಿದ್ದುಪಡಿಯೂ ಬಂದಿದೆ. ಕೆಲವೇ ಪುಟ, ಈ ಪುಸ್ತಕ ಹೊರತರುವ ಐಇಟಿ ಸಂಸ್ಥೆ ಉಚಿತವಾಗಿಯೇ ಕೊಡುತ್ತದೆ. ಅದನ್ನು ಇಳಿಸಿಕೊಂಡು ಪುಸ್ತಕದೊಳಗೆ ಇಟ್ಟುಬಿಡಿ. ಸೋಲಾರ್ ಹಾಕುವವರಿಗೆ ಅದು ಬೇಕೇ ಬೇಕು. ಸೋಲಾರ್ ಇದ್ದರೆ ಕರೆಂಟ್ ಎರಡೂ ದಿಕ್ಕಿಗೆ ಹರಿಯುತ್ತದೆ, ಅಲ್ವಾ? ಆದರೆ ಕೆಲವು ಬ್ರೇಕರ್‌ಗಳು ಒಂದೇ ದಿಕ್ಕಿಗೆ ಮಾಡಿದವು. ಮೈಮೇಲೆ ‘ಲೈನ್’, ‘ಲೋಡ್’ ಎಂದು ಬರೆದಿರುತ್ತದೆ. ಅಂಥದ್ದನ್ನು ಸೋಲಾರ್ ಸರ್ಕ್ಯೂಟಿಗೆ ಹಾಕಬಾರದು.

ಇನ್ನು ಎರಡನೇ ಪ್ರಶ್ನೆ. ಹಾಗೇ ಮಾಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಎಷ್ಟೋ ಮನೆಗಳಿಗೆ ಕರೆಂಟ್ ಕಂಪೆನಿಯೇ ಅರ್ತ್ ಕೊಡುತ್ತದೆ. ಶಾರ್ಟ್ ಆದರೆ ನೂರಾರು ಆಂಪ್ ಹರಿದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಬ್ರೇಕರ್) ತಟಕ್ಕನೆ ಬೀಳುತ್ತದೆ. ಪುಸ್ತಕದಲ್ಲಿ 32 ಆಂಪಿನ ಬಿ ಟೈಪ್ ಎಂಸಿಬಿಗೆ ಅರ್ತ್ ಸುತ್ತಿನ ಒಟ್ಟು ತಡೆ 1.37 ಓಮ್ ಮೀರಬಾರದು ಎಂದು ಇರುವುದು ಅದಕ್ಕೇ. ನಮ್ಮಲ್ಲಿ ಅರ್ತ್ ಗುಂಡಿ ನಾವೇ ತೋಡುವುದು. ಅದೂ ಮುರಕಲ್ಲಿನ ನೆಲದಲ್ಲಿ. ನಿಮ್ಮ ಕಾಪುವಿನ ಕಡೆಯೇ ಒಂದು ಹಂಚಿನ ಮನೆಯಲ್ಲಿ ಏಪ್ರಿಲ್‌ನಲ್ಲಿ ಅರ್ತ್ ಟೆಸ್ಟರ್ ಇಟ್ಟಿದ್ದೆ. ಟೆಸ್ಟರಿನ ಸಣ್ಣ ಸರಳು ಊರಲು ಕಲ್ಲಿನ ನಡುವೆ ಮಣ್ಣು ಹುಡುಕಬೇಕಾಯಿತು. ಮುಳ್ಳು 80 ಓಮ್‌ಗೆ ಹೋಗಿ ನಿಂತಿತು. ಆಟಿ ತಿಂಗಳ ಮಳೆಯಲ್ಲಿ ಅದೇ ಗುಂಡಿ 12 ಓಮ್ ತೋರಿಸಿತು.

ಲೆಕ್ಕ ಹಾಕಿ. 230 ವೋಲ್ಟ್, 80 ಓಮ್. ಗೀಸರಿನ ಮೈಗೆ ಫೇಸ್ ತಾಗಿದರೆ ನೆಲಕ್ಕೆ ಹರಿಯುವುದು ಮೂರು ಆಂಪ್ ಕೂಡ ಇಲ್ಲ. 6 ಆಂಪಿನ ಎಂಸಿಬಿಯೂ ಬೀಳುವುದಿಲ್ಲ. ಮಳೆಗಾಲದ 12 ಓಮ್ ಇದ್ದರೂ 20 ಆಂಪ್ ಮುಟ್ಟುವುದಿಲ್ಲ, 32ರದ್ದು ಅಲುಗುವುದಿಲ್ಲ. ಗೀಸರಿನ ಮೈ ಹಾಗೇ ಕರೆಂಟ್ ಹಿಡಿದುಕೊಂಡು ಕೂತಿರುತ್ತದೆ. ಮನೆಯವರು ಒದ್ದೆ ಕೈಯಲ್ಲಿ ನಲ್ಲಿ ತಿರುಗಿಸುತ್ತಾರೆ.

ಇಂಥ ನೆಲಕ್ಕೂ ಅದೇ ಪುಸ್ತಕದಲ್ಲಿ ಉತ್ತರ ಇದೆ, 41ನೇ ಅಧ್ಯಾಯದಲ್ಲೇ. 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಆಫ್ ಆಗುವ ಸಾಧನ) ಹಾಕಿದರೆ ಅರ್ತ್ 1667 ಓಮ್ ಇದ್ದರೂ ಲೆಕ್ಕಕ್ಕೆ ಸಾಕು. ಆದರೆ 200 ದಾಟಿದರೆ ನೆಲ ಒಣಗಿದಂತೆ ಹೆಚ್ಚುಕಮ್ಮಿ ಆಗಬಹುದು ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಹಾಗಾಗಿ ಗುಂಡಿಯನ್ನು ಬೇಸಿಗೆಯಲ್ಲೇ ಅಳೆಯಿರಿ. ಆರ್‌ಸಿಸಿಬಿ ಇಲ್ಲದ ಮನೆಯನ್ನು ಕೆಲಸ ಮುಗಿಯಿತು ಎಂದು ಬಿಟ್ಟು ಬರಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳೂ ಮನೆಗೆ 30 ಮಿಲಿ ಆಂಪ್ ಎಂದೇ ಹೇಳುತ್ತವೆ.

ರಿಂಗ್ ಸರ್ಕ್ಯೂಟ್ ಕೂಡ ಇಲ್ಲಿ ಬೇಡ. ಅಲ್ಲಿ ಪ್ರತಿ ಪ್ಲಗ್ಗಿನೊಳಗೆ ಫ್ಯೂಸ್ ಇದೆ, ಆದ್ದರಿಂದ 32 ಆಂಪಿನಲ್ಲಿ ಸಾಕೆಟ್‌ಗಳನ್ನೆಲ್ಲ ಒಂದೇ ಸುತ್ತಿನಲ್ಲಿ ಕಟ್ಟಬಹುದು. ನಮ್ಮ 6 ಮತ್ತು 16 ಆಂಪಿನ ದುಂಡು ಪಿನ್ನಿನ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. ಮಿಕ್ಸಿಯ ತೆಳು ವೈರ್ ಬಿಸಿಯಾಗಿ ಕರಗುತ್ತಿದ್ದರೂ 32ರ ಎಂಸಿಬಿಗೆ ಅದು ತಿಳಿಯುವುದೇ ಇಲ್ಲ.

ಹಾಗಾಗಿ ಇಲ್ಲಿಯ ಕೆಲಸಕ್ಕೆ ಇಲ್ಲಿಯ ಪುಸ್ತಕವೇ ಮೊದಲು: ಐಎಸ್ 732, 2019ರಲ್ಲಿ ಪರಿಷ್ಕರಿಸಿದ್ದು. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಜೊತೆಗೆ 2023ರ ರಾಷ್ಟ್ರೀಯ ವಿದ್ಯುತ್ ಸಂಹಿತೆ. ಕಂದು ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿ. ಅದರ ಏಳನೇ ಭಾಗ ನನಗೆ ತುಂಬ ಇಷ್ಟ. 701ರಲ್ಲಿ ಬಚ್ಚಲುಮನೆ, 705ರಲ್ಲಿ ಕೃಷಿಯ ಜಾಗಗಳು. ದನ ಕಟ್ಟುವಲ್ಲಿ ಅವುಗಳ ಮೈಗೆ ತಾಗಬಹುದಾದ ಕಬ್ಬಿಣವನ್ನೆಲ್ಲ ಒಂದಕ್ಕೊಂದು ತಂತಿಯಿಂದ ಜೋಡಿಸಿ ಅರ್ತ್ ಮಾಡಬೇಕು ಎನ್ನುತ್ತದೆ ಅದು. ನಮಗೆ ಗೊತ್ತೇ ಆಗದಷ್ಟು ಸಣ್ಣ ವೋಲ್ಟೇಜೂ ದನಕ್ಕೆ ತಾಗುತ್ತದೆ. ಹಾಲು ಕರೆಯುವ ಮೆಷಿನ್ ಇರುವ ಹಟ್ಟಿಗೆ ವೈರಿಂಗ್ ಮಾಡುವ ಮೊದಲು ಆ ಪುಟಗಳನ್ನು ಓದಿಯೇ ಹೋಗಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ವೈರಿಂಗಿನವರು ಅದನ್ನು ತೆಗೆದು ನೇರ ಕೊಟ್ಟು ಹೋದರು. ಈಗ ತೊಂದರೆ ಇಲ್ಲ. ಹೀಗೇ ಬಿಡಬಹುದಾ?
— ಓದುಗರೊಬ್ಬರು, ಮಲ್ಪೆ

ಉತ್ತರ: ಬಿಡಬೇಡಿ ಅಮ್ಮ. ಮೇಲಿನ ಲೆಕ್ಕ ನಿಮ್ಮ ಮನೆಗೂ ಅನ್ವಯ. ಲೀಕೇಜ್ ಈಗಲೂ ಇದೆ, ತಿಳಿಸುತ್ತಿದ್ದ ಸಾಧನ ಮಾತ್ರ ಇಲ್ಲ. ಮೊದಲು ಅದನ್ನು ವಾಪಸ್ ಹಾಕಿಸಿ. ಆಮೇಲೆ ಅಂಗಳದ ಲೈಟ್, ಬಾವಿಯ ಪಂಪ್, ಹೊರಗಿನ ಗೋಡೆಯ ಸ್ವಿಚ್ ಬೋರ್ಡ್, ಇವನ್ನು ಒಂದೊಂದಾಗಿ ಬಿಡಿಸಿ ನೋಡಲು ಹೇಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ನ್ಯೂಟ್ರಲ್ ಕೂಡ ಬಿಚ್ಚಬೇಕು. ಒಂದೇ ಆರ್‌ಸಿಸಿಬಿಗೆ ಇಡೀ ಮನೆ ಕಟ್ಟಿದ್ದರೆ ಅದೂ ಕಾರಣ ಇರಬಹುದು. ಮೇಲೆ ಹೇಳಿದ ಬ್ರಿಟನ್ನಿನ ಪುಸ್ತಕದ ಪ್ರಕಾರ ದಿನನಿತ್ಯದ ಸಣ್ಣಪುಟ್ಟ ಸೋರಿಕೆ ಆರ್‌ಸಿಸಿಬಿಯ ಅಳತೆಯ ಶೇ. 30 ಮೀರಬಾರದು. ಅಂದರೆ 30ರದ್ದಕ್ಕೆ 9 ಮಿಲಿ ಆಂಪ್. ಪಂಪ್ ಮತ್ತು ಹೊರಗಿನ ಲೈಟಿಗೆ ಬೇರೆ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಮಾಡುವುದು) ಹಾಕಿಸಿದರೆ, ಅಂಗಳದಲ್ಲಿ ನೀರು ನುಗ್ಗಿದರೂ ಫ್ರಿಜ್ ನಿಲ್ಲುವುದಿಲ್ಲ.