ಪಿಎಸ್‌ಜಿ, ಇಂಟರ್ ಮಿಲಾನ್ ಫೈನಲ್‌ನಲ್ಲಿ ಗೆಲ್ಲೋದು ಯಾರು?

ಮೇ 31, 2025ರ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್ ಫುಟ್‌ಬಾಲ್ ಟೂರ್ನಿ) ಫೈನಲ್ ಯಾರ ಪಾಲಾಗುತ್ತೆ ಅಂತ ಕೇಳಿದ್ದೀರಿ. ಪಂದ್ಯಕ್ಕೆ ಮುಂಚೆ ನನ್ನ ಲೆಕ್ಕ: ಪಿಎಸ್‌ಜಿ (ಪ್ಯಾರಿಸ್ ಸೇಂಟ್-ಜರ್ಮೈನ್), 2-1.

ಕಾರಣ ಅವರ ಮಿಡ್‌ಫೀಲ್ಡ್. ವಿಟಿನ್ಯಾ, ಜೊವಾವ್ ನೆವೆಸ್, ಫಾಬಿಯಾನ್ ರೂಯಿಸ್ ಕಾಲಿಗೆ ಚೆಂಡು ಸಿಕ್ಕರೆ ಕಿತ್ತುಕೊಳ್ಳುವುದು ತುಂಬಾ ಕಷ್ಟ. ಲಿವರ್‌ಪೂಲ್, ಆಸ್ಟನ್ ವಿಲ್ಲಾ, ಆರ್ಸೆನಲ್ ಮೂರನ್ನೂ ಸಾಲಾಗಿ ಮನೆಗೆ ಕಳಿಸಿ ಬಂದಿದ್ದಾರೆ.

ಹಾಗಂತ ಇಂಟರ್ ಸುಮ್ನೆ ಬಂದ ತಂಡ ಅಲ್ಲ. ಬಾರ್ಸಿಲೋನಾ ಎದುರಿನ ಸೆಮಿಫೈನಲ್‌ನ ಎರಡನೇ ಪಂದ್ಯ ನೋಡಿದ್ರಲ್ವಾ? 93ನೇ ನಿಮಿಷ. 37 ವರ್ಷದ ಡಿಫೆಂಡರ್ ಅಚೆರ್ಬಿ ತನ್ನ ಜಾಗ ಬಿಟ್ಟು ಎದುರಾಳಿ ಗೋಲಿನ ಮುಂದೆ ಸ್ಟ್ರೈಕರ್ ಹಾಗೆ ನಿಂತಿದ್ದರು. ಡಮ್‌ಫ್ರೀಸ್ ಬಲಗಡೆಯಿಂದ ಚೆಂಡು ಕೊಟ್ಟರು. ಎಡಗಾಲಿನ ಆಟಗಾರ ಅಚೆರ್ಬಿ ಬಲಗಾಲಲ್ಲಿ ಬಾರಿಸಿ 3-3 ಮಾಡಿದರು! ಎರಡು ಪಂದ್ಯ ಸೇರಿ ಇಂಟರ್ 7-6ರಿಂದ ಗೆದ್ದಿತು. ಅಂಥ ಛಲ ನಾನು ನೋಡಿದ್ದು ಕಡಿಮೆ.

ಇಂಟರ್ ಗೋಲು ಹೊಡೆದರೆ ಕಾರ್ನರ್‌ನಿಂದಲೇ ಬರುವ ಸಾಧ್ಯತೆ ಜಾಸ್ತಿ. ಅವರ ಮಿಡ್‌ಫೀಲ್ಡರ್ ಚಾಲ್ಹನೋಲು ಅವರ ಹೊಡೆತ ಚೆನ್ನಾಗಿದೆ, ಎತ್ತರದವರೂ ಇದ್ದಾರೆ. ಆದರೆ ಅವರ ಎಡಗಡೆ ನನಗೆ ಭಯ. ಡಿಮಾರ್ಕೊ ಮುಂದೆ ಹೋದಾಗ ಹಿಂದೆ ಜಾಗ ಖಾಲಿ ಬೀಳುತ್ತೆ. ಪಿಎಸ್‌ಜಿಯ ಬಲಗಡೆ ಆಡುವ ಹಕೀಮಿ ಮೊದಲು ಇಂಟರ್‌ನಲ್ಲೇ ಆಡಿದವರು, ಆ ಜಾಗಕ್ಕೆ ನುಗ್ಗದೇ ಇರಲ್ಲ.

ಇನ್ನೊಂದು ವಿಷಯ. ಈ ಫೈನಲ್‌ನ ಊರು ಮ್ಯೂನಿಕ್‌ನಲ್ಲಿ ಹಿಂದೆ ನಡೆದ ನಾಲ್ಕು ಫೈನಲ್‌ಗಳನ್ನೂ (1979, 1993, 1997, 2012) ಗೆದ್ದಿದ್ದು ಅದುವರೆಗೆ ಈ ಕಪ್ ಎತ್ತದ ತಂಡಗಳೇ. ಈ ಫೈನಲ್‌ಗೆ ಮುಂಚೆ ಪಿಎಸ್‌ಜಿ ಕೂಡ ಎತ್ತಿರಲಿಲ್ಲ. ಮ್ಯಾಚ್ ಇದ್ದದ್ದು ನಮ್ಮಲ್ಲಿ ಶನಿವಾರ ರಾತ್ರಿ ಕಳೆದು 12:30ಕ್ಕೆ, ಅಂದರೆ ಜೂನ್ 1ರ ಭಾನುವಾರ ಶುರುವಾದ ಮೇಲೆ.