ಸಂಪಾದಕರ ಉತ್ತರ: ಅಪ್ಪ ಹೋದ 80 ದಿನಕ್ಕ ಅವ್ವನೂ ಹೋದ್ಲು, ಮನಸ್ಸಿಗೆ ಹಚ್ಕೊಂಡು ಜೀವ ಹೋಗತೈತೇನ್ರಿ?

ಬೀಳಗಿ ಕಡೆಯಿಂದ ಬಂದ ನಾಲ್ಕು ಹಾಳಿ ಪತ್ರ ಇದು. ಹೆಸರು ಹಾಕಬ್ಯಾಡ್ರಿ ಅಂತ ಬರದಾರ, ಹಾಕಂಗಿಲ್ಲ. ಪೂರಾ ಪತ್ರ ಅಚ್ಚು ಹಾಕಾಕ ಜಾಗಾ ಸಾಲೂದಿಲ್ಲ, ಅದಕ್ಕ ಅದರಾಗಿನ ಮಾತು ಸಣ್ಣಾಗಿ ಹೇಳ್ತೀನಿ. ಇವರ ಅಪ್ಪಗ ಲಕ್ವಾ ಹೊಡದು 14 ತಿಂಗಳು ಹಾಸಿಗಿ ಹಿಡದಿದ್ರು, ಉಣಸೋದು, ಮೈ ಒರಸೋದು, ರಾತ್ರಿ ಎರಡೆರಡು ಸಲ ಎದ್ದು ಮಗ್ಗಲಾ ತಿರಗಸೋದು ಎಲ್ಲಾ ಅವ್ವನ ಮಾಡಿದ್ರು. ಅಪ್ಪ ಹೋದ್ರು. ದಿನಾ ಮುಗದ ಮ್ಯಾಲೆ ಊರಾಗ ಒಬ್ಬಾಕಿನ್ನ ಬಿಡೋದು ಬ್ಯಾಡಂತ ಮಗ ಅವ್ವನ್ನ ಬಾಗಲಕೋಟಿ ನವನಗರದಾಗಿನ ತಮ್ಮ ಮನಿಗೆ ಕರ್ಕೊಂಡು ಬಂದ್ರು. ಆಕಿ ಊಟ ಕಮ್ಮಿ ಮಾಡಿದ್ಲು, ಮಾತು ಕಮ್ಮಿ ಮಾಡಿದ್ಲು, 80ನೇ ದಿನ ಬೆಳಗಿನ ಜಾವ ಎದಿ ಹಿಡ್ಕೊಂಡು ಕುಂತ್ಲು, ದವಾಖಾನಿ ಮುಟ್ಟೋದ್ರಾಗ ಮುಗದಿತ್ತು. ಬೀಪಿ, ಶುಗರ್ ಮೊದಲಿಂದ ಇದ್ವು. ಮಣ್ಣಿಗೆ ಬಂದ ಬೀಗರು "ಮನಸ್ಸಿಗೆ ಹಚ್ಕೊಂಡು ಹೋದ್ಲು" ಅಂದ್ರಂತ, ಒಬ್ಬರು ಮಾತ್ರ "ಊರು ಬಿಡಿಸಿ ಕೊಂದ್ರಿ" ಅಂದುಬಿಟ್ರಂತ. ಆ ಮಾತು ಕೇಳಿದಾಗಿಂದ ಇವರಿಗೆ ನಿದ್ದಿ ಇಲ್ಲ. ಮನಸ್ಸು ಜೀವಾ ತಗೀತೈತೇನು, ಅವ್ವನ್ನ ಖುಷಿಯಾಗಿ ಇಟ್ಟಿದ್ರ ಉಳೀತಿದ್ಲೇನು, ಯಾವಾಗಲೂ ಪಾಸಿಟಿವ್ ಇದ್ರ ನೂರು ವರ್ಷ ಬದುಕ್ತಾರ ಅಂತ ಮೊಬೈಲಿನಾಗ ದಿನಾ ಬರೋದು ಖರೇನೇನು, ಇವು ಮೂರು ಪ್ರಶ್ನೆ. ಕಡೀ ಹಾಳ್ಯಾಗ ಒಂದು ಸಾಲು ಹಂಗ ಬರದು ಬಿಟ್ಟಾರ: ಚಿಗವ್ವನ ಗಂಡನೂ ಈ ದೀಪಾವಳಿ ಮುಂದ ತೀರ್ಕೊಂಡ್ರು, ಆಕಿ ಊರಾಗ ಒಬ್ಬಾಕಿನ ಅದಾಳ ಅಂತ.

ಅಣ್ಣಾರ, ನಿಮ್ಮ ಪತ್ರ ಎರಡು ವಾರ ನನ್ನ ಮೇಜಿನ ಮ್ಯಾಲೆ ಇತ್ತು. ಸುಮ್ನ ಸಮಾಧಾನದ ನಾಲ್ಕು ಮಾತು ಬರದು ಕಳಸಾಕ ಮನಸ್ಸಾಗ್ಲಿಲ್ಲ, ನೀವು ಕೇಳಿದ್ದು ಸಮಾಧಾನಾ ಅಲ್ಲ, ಖರೇ ಏನೈತಿ ಅಂತ ಕೇಳೀರಿ.

ಮೊದಲನೇ ಪ್ರಶ್ನೆಗೆ ಉತ್ತರ ಹೌದು. ಕೊರಗು ಮೈಗೆ ಇಳೀತೈತಿ. ಇದು ನಮ್ಮ ಹಿರೇರು ಕಟ್ಟಿ ಮ್ಯಾಲೆ ಕುಂತು ಹೇಳಿದ್ದಷ್ಟ ಅಲ್ಲ, ಲೆಕ್ಕ ಹಾಕಿ ನೋಡಿದ್ದೂ ಐತಿ. ಇಂಗ್ಲೆಂಡಿನ ಕಡೆ ಹೆಂಡತಿ ಸತ್ತ 4,486 ಗಂಡಸರನ್ನ, ಎಲ್ಲಾರೂ 55 ವರ್ಷ ದಾಟಿದವರು, ಒಂಬತ್ತು ವರ್ಷ ಹಿಂಬಾಲಿಸಿ ನೋಡಿ 1969ರಾಗ ಒಂದು ವರದಿ ಬರದ್ರು. ಹೆಂಡತಿ ಹೋದ ಮೊದಲ ಆರು ತಿಂಗಳದಾಗ ಅವರ ಪೈಕಿ 213 ಮಂದಿ ಹೋದ್ರು, ಅದು ಅದೇ ವಯಸ್ಸಿನ, ಹೆಂಡತಿ ಇರೋ ಗಂಡಸರಿಗಿಂತ 40 ಪರ್ಸೆಂಟ್ ಜಾಸ್ತಿ. ಹೋದವರಾಗ ಬಹಳ ಮಂದಿಗೆ ಹಾರ್ಟಿಂದ. ಆರು ತಿಂಗಳು ದಾಟಿದ ಮ್ಯಾಲೆ ಆ ಅಪಾಯ ಇಳಕೋತ ಇಳಕೋತ ಉಳಿದವರ ಮಟ್ಟಕ್ಕ ಬಂತು. ಹೆಣ್ಣಮಕ್ಕಳಿಗೂ ಇದು ಆಗತೈತಿ, ಗಂಡಸರಿಗೆ ಸ್ವಲ್ಪ ಜಾಸ್ತಿ ಅಂತ ಆಮೇಲಿನ ಸ್ಟಡಿಗಳು ಹೇಳ್ಯಾವ.

ಆದ್ರ ಅದೇ ಲೆಕ್ಕಾನ ಇನ್ನೊಂದು ಸಲ ನೋಡ್ರಿ, ಯಾಕಂದ್ರ ಬೀಗರು ಆಡಿದ ಮಾತಿಗೆ ಉತ್ತರ ಇದರಾಗ ಐತಿ. 4,486 ಮಂದ್ಯಾಗ ಹೋದವರು 213, ಅಂದ್ರ ನೂರಕ್ಕ ಐದೂ ತುಂಬಲಿಲ್ಲ, ಉಳಿದ 95 ಮಂದಿ ಆ ಆರು ತಿಂಗಳು ದಾಟಿದ್ರು. ಮತ್ತ ಆ 213ರಾಗ ಸುಮಾರು 150 ಮಂದಿ ಹೆಂಡತಿ ಇದ್ದಿದ್ರೂ ಆ ಹೊತ್ತಿಗೆ ಹೋಗೋರ ಇದ್ರು, ವಯಸ್ಸು, ಜಡ್ಡು ಅಂತ. ಕೊರಗಿನ ಲೆಕ್ಕಕ್ಕ ಹಿಡಿಯೋದು 60 ಮಂದಿ. ಆ 60 ಮಂದಿ ಯಾರ್ಯಾರು ಅಂತ ಬೆರಳು ಮಾಡಿ ತೋರಸಾಕ ಲೆಕ್ಕ ಹಾಕಿದವರಿಗೂ ಬರೂದಿಲ್ಲ, ಡಾಕ್ಟರಿಗೂ ಬರೂದಿಲ್ಲ, ಮಣ್ಣಿಗೆ ಬಂದ ಬೀಗರಿಗೆ ಹೆಂಗ ಬರತೈತ್ರಿ? ನಿಮ್ಮ ಅವ್ವಾರಿಗೆ ಬೀಪಿ ಇತ್ತು, ಶುಗರ್ ಇತ್ತು, 14 ತಿಂಗಳು ನಿದ್ದಿಗೆಟ್ಟ ಮೈ ಇತ್ತು, ಇವೆಲ್ಲಾ ಕೂಡಿದಾಗ ಇದರಿಂದನ ಹೋದ್ರು ಅಂತ ಒಂದು ಕಾರಣಾ ಹಿಡದು ಹೇಳೋರು ತಮಗ ಗೊತ್ತಿಲ್ಲದ್ದನ್ನ ಹೇಳ್ತಾರ.

ಆ 14 ತಿಂಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು ನಾ. ಪತ್ರದಾಗ ಅಪ್ಪನ ಜಡ್ಡಿನ ಬಗ್ಗೆ ಒಂದೂವರೆ ಹಾಳಿ ಬರದೀರಿ, ಅವ್ವ ಮಾಡಿದ ಸೇವಾದ ಬಗ್ಗೆ ಒಂದ ಸಾಲು. ತಪ್ಪು ಅಂತ ಹೇಳವಲ್ಲೆ, ನಮ್ಮ ಎಲ್ಲಾರ ಮನ್ಯಾಗೂ ಇದ ಆಗೋದು, ಬಂದವರು ಹಾಸಿಗಿ ಮ್ಯಾಲಿದ್ದವರನ್ನ ಮಾತಾಡ್ಸಿ ಚಾ ಕುಡದು ಹೋಗ್ತಾರ, ಚಾ ಮಾಡಿ ಕೊಟ್ಟಾಕಿ ಮಾರಿ ಯಾರೂ ನೋಡೂದಿಲ್ಲ. ಅಮೆರಿಕಾದಾಗ 1995ರಾಗ ಒಂದು ಸಣ್ಣ ಪ್ರಯೋಗ ಮಾಡಿದ್ರು, ಮರೆವಿನ ಜಡ್ಡಾದ ಮನೆಯವರ ಸೇವಾ ಮಾಡೋ 13 ಹೆಣ್ಣಮಕ್ಕಳು, ಅದೇ ವಯಸ್ಸಿನ, ಅಂಥಾ ಭಾರ ಇಲ್ಲದ 13 ಹೆಣ್ಣಮಕ್ಕಳು, ಎಲ್ಲಾರ ತೋಳಿಗೂ ಒಂದ ಅಳತಿ ಸಣ್ಣ ಗಾಯ ಮಾಡಿ ಎಷ್ಟು ದಿನಕ್ಕ ಮಾಯತೈತಿ ಅಂತ ನೋಡಿದ್ರು. ಸೇವಾ ಮಾಡೋರ ಗಾಯ ಮಾಯಾಕ ಒಂಬತ್ತು ದಿನ ಹೆಚ್ಚಿಗಿ ಹಿಡೀತು. ನಾಲ್ಕು ವರ್ಷ ಬಿಟ್ಟು 1999ರಾಗ ಇನ್ನೊಂದು ಬಂತು: ಜಡ್ಡಿನ ಗಂಡನ್ನೋ ಹೆಂಡತಿನ್ನೋ ನೋಡ್ಕೊಂತ ಅದರ ಭಾರಕ್ಕ ಕುಗ್ಗಿದ ವಯಸ್ಸಾದವರು, ಆ ಭಾರ ಇಲ್ಲದವರಿಗಿಂತ, ನಾಲ್ಕು ವರ್ಷದಾಗ ಸಾಯೋ ಅಪಾಯ 63 ಪರ್ಸೆಂಟ್ ಜಾಸ್ತಿ. ಅಂದ್ರ ನಿಮ್ಮ ಅವ್ವಾರ ಮೈ ಸವಿಯಾಕ ಹತ್ತಿದ್ದು ಅಪ್ಪ ಹೋದ ದಿನ ಅಲ್ಲ, ಅಪ್ಪ ಬಿದ್ದ ದಿನಾನ ಇರಬೇಕು ಅಂತ ನನ್ನ ಅಂದಾಜು. ನವನಗರಕ್ಕ ಕರ್ಕೊಂಡು ಬಂದಿದ್ದು ಅದಾಗಿ ಬಹಳ ದಿನದ ಆಮೇಲೆ.

ಮೈಗೆ ಹೆಂಗ ಇಳೀತೈತಿ ಅಂತ ಕೇಳ್ತೀರಿ. ದೊಡ್ಡ ಆಘಾತ ಆದಾಗ ಮೈಯಾಗ ಅಡ್ರಿನಾಲಿನ್ ಒಮ್ಮೆಲೇ ಏರತೈತಿ, ಎದಿ ಹೊಡ್ಕೋತೈತಿ, ಬೀಪಿ ಏರತೈತಿ, ರಕ್ತ ಗಟ್ಟಿಯಾಗೋ ಗುಣ ಜಾಸ್ತಿ ಆಗತೈತಿ. ಹುಲಿ ಬೆನ್ನು ಹತ್ತಿದಾಗ ಓಡಾಕ ಇದು ಬೇಕು, ಆದ್ರ ತಿಂಗಳಾನಗಟ್ಲೆ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರಿದ್ದು ಏರಿದಂಗ ಇದ್ರ ಶುಗರ್ ಏರತೈತಿ, ನಿದ್ದಿ ಹಾರತೈತಿ, ಸೋಂಕು ತಡಿಯೋ ಶಕ್ತಿ ಕುಗ್ಗತೈತಿ. ಜಪಾನಿನ ಡಾಕ್ಟರು 1990ರ ಸುಮಾರಿಗೆ ಒಂದು ಎದಿ ಜಡ್ಡು ಗುರ್ತಿಸಿದ್ರು, ತಾಕೊತ್ಸುಬೊ ಅಂತ. ಅಲ್ಲಿ ಮೀನುಗಾರರು ಆಕ್ಟೋಪಸ್ ಹಿಡಿಯಾಕ ಇಡೋ ಗಡಗಿ ಹೆಸರು ಅದು, ಕುತ್ತಿಗಿ ಸಣ್ಣದು, ಹೊಟ್ಟಿ ದುಂಡಗ. ಮನಸ್ಸಿಗೆ ಪೆಟ್ಟು ಬಿದ್ದ ತಾಸಿನಾಗೋ ದಿನದಾಗೋ ಎದಿನೋವು, ದಮ್ಮು, ಈಸಿಜಿ ನೋಡಿದ್ರೂ ಹಾರ್ಟ್ ಅಟ್ಯಾಕ್ ಇದ್ದಂಗ, ಆದ್ರ ಟ್ಯೂಬ್ ಹಾಕಿ ನೋಡಿದ್ರ ರಕ್ತನಾಳ ಬ್ಲಾಕ್ ಆಗಿರೂದಿಲ್ಲ, ಗುಂಡಿಗಿಯ ಎಡಗಡೆ ಕೋಣಿ ಆ ಗಡಗಿಯಂಗ ಊದಿರತೈತಿ. ಬರೋದು ಬಹಳ ಮಟ್ಟಿಗೆ ಮುಟ್ಟು ನಿಂತ ಹೆಣ್ಣಮಕ್ಕಳಿಗೆ. ಹೆಚ್ಚಿನವರು ಕೆಲವು ವಾರದಾಗ ಸುಧಾರಿಸ್ತಾರ, ಕೆಲವರು ಉಳಿಯೂದಿಲ್ಲ. ನಿಮ್ಮ ಅವ್ವಾರಿಗೆ ಇದ ಆಗಿತ್ತು ಅಂತ ನಾ ಹೇಳಾಕ ಬರೂದಿಲ್ಲ, ಆದ್ರ ಓದೋ ಎಲ್ಲಾರೂ ಇದೊಂದು ತಿಳ್ಕೋರಿ: ಸಾವಾದ ಮನ್ಯಾಗ ಹೆಣ್ಣಮಗಳು ಎದಿ ನೋವು ಅಂದ್ರ "ಅತ್ತು ಅತ್ತು ಹಂಗಾಗೈತಿ, ನೀರು ಕುಡಸ್ರಿ" ಅಂತ ಕುಂಡ್ರಬ್ಯಾಡ್ರಿ, ಸೀದಾ ದವಾಖಾನಿಗೆ ಒಯ್ರಿ.

ಇಷ್ಟೆಲ್ಲಾ ಹೇಳಿದ ಮ್ಯಾಲೂ ನನಗ ಅನಸೋದು ಕೊರಗು ಬಹಳಷ್ಟು ಸಲ ಇಂಥಾ ದೊಡ್ಡ ದಾರೀಲೆ ಬರೂದಿಲ್ಲ, ಗುಳಿಗಿ ಡಬ್ಬಿ ದಾರೀಲೆ ಬರತೈತಿ. ದಿನಾ ಗುಳಿಗಿ ನುಂಗು ಅಂತ ನೆನಪು ಮಾಡೋ ಜೀವ ಇರೂದಿಲ್ಲ. ಒಬ್ಬಾಕಿ ಸಲುವಾಗಿ ರೊಟ್ಟಿ ಯಾಕ ಬಡೀಲಿ ಅಂತ ರಾತ್ರಿ ಒಂದು ಮುಷ್ಟಿ ಚುರುಮುರಿ ತಿಂದು ಮಲಗೋದು, ಶುಗರ್ ಗುಳಿಗಿ ಮಾತ್ರ ನುಂಗೋದು, ಶುಗರ್ ಪೂರಾ ಇಳದು ಬೆಳತನಕ ಬೆವರೋದು. ಬೀಪಿ ಚೆಕಪ್ಪಿಗೆ ಹೋಗೋ ತಾರೀಖು ದಾಟಿ ತಿಂಗಳಾಗಿರತೈತಿ. 2004ರಾಗ 52 ದೇಶದ್ದು, ನಮ್ಮ ದೇಶದ್ದೂ ಸೇರಿಸಿ, ಸುಮಾರು 30 ಸಾವಿರ ಮಂದಿ ಲೆಕ್ಕ ಹಿಡದು ಹಾರ್ಟ್ ಅಟ್ಯಾಕಿಗೆ ಕಾರಣಾ ಹುಡುಕಿದ್ರು, ಅದರ ಮುಂದಾಳು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಾಗ ಓದಿದ ಡಾಕ್ಟರ್ ಸಲೀಂ ಯೂಸುಫ್. ಅವರು ಕೊಟ್ಟ ಒಂಬತ್ತು ಕಾರಣದಾಗ ಬೀಡಿ ಸಿಗರೇಟು, ಬೀಪಿ, ಶುಗರ್ ಜೋಡಿ ಮನಸ್ಸಿನ ಒತ್ತಡನೂ ಐತಿ. ಜೋಡಿ ಐತಿ ಅನ್ನೋದನ್ನ ಮರೀಬ್ಯಾಡ್ರಿ. ಮನಸ್ಸು ಒಂದು ಕಡೆ, ಬೀಪಿ ಒಂದು ಕಡೆ ಅಂತ ಇಲ್ಲ, ಒಂದ ಮನ್ಯಾಗ ಇರೋ ವಾರಗಿತ್ತ್ಯಾರು ಇದ್ದಂಗ ಅವು.

ಇನ್ನ ಪಾಸಿಟಿವ್ ಇದ್ರ ನೂರು ವರ್ಷ ಅನ್ನೋ ಮಾತು. ಅಮೆರಿಕಾದ ಕ್ರೈಸ್ತ ಮಠದ 180 ಸನ್ಯಾಸಿನಿಯರು ತಮ್ಮ ಇಪ್ಪತ್ತೆರಡರ ಸುಮಾರಿಗೆ ಬರದಿಟ್ಟಿದ್ದ ಆತ್ಮಕಥಿ ಓದಿ, ಅದರಾಗ ಸಂತೋಷದ ಮಾತು ಜಾಸ್ತಿ ಇದ್ದವರು ಜಾಸ್ತಿ ವರ್ಷ ಬದುಕ್ಯಾರ ಅಂತ 2001ರಾಗ ಬರದ್ರು. ಮನಸ್ಸಿಗೆ ನಾಟೋ ಸ್ಟಡಿ, ನನಗೂ ನಾಟಿತ್ತು. ಆದ್ರ 2015ರಾಗ ಇಂಗ್ಲೆಂಡಿನ ಕಡೆ ಏಳು ಲಕ್ಷಕ್ಕೂ ಜಾಸ್ತಿ ಹೆಣ್ಣಮಕ್ಕಳನ್ನ ಸುಮಾರು ಹತ್ತು ವರ್ಷ ನೋಡಿ ಬೇರೆ ಮಾತು ಹೇಳಿದ್ರು: ಖುಷಿ ಇಲ್ಲದವರು ಬೇಗ ಹೋಗ್ತಾರ ಅನಸೋದು ಯಾಕಂದ್ರ ಜಡ್ಡು ಇದ್ದವರಿಗೆ ಖುಷಿ ಇರೂದಿಲ್ಲ, ಜಡ್ಡಿನ ಲೆಕ್ಕ ತಗದಿಟ್ಟು ನೋಡಿದ್ರ ಬರೇ ಖುಷಿ ಇಲ್ಲ ಅನ್ನೋದು ಆಯುಷ್ಯ ಕಮ್ಮಿ ಮಾಡಿದ್ದು ಕಾಣ್ಲಿಲ್ಲ. ಕ್ಯಾನ್ಸರಿನ ಬಗ್ಗೆನೂ ಹಂಗ, ಗಟ್ಟಿ ಮನಸ್ಸು ಮಾಡಿದವರು ಜಾಸ್ತಿ ದಿನ ಬದುಕ್ತಾರ ಅನ್ನಾಕ ಗಟ್ಟಿ ಪುರಾವೆ ಸಿಕ್ಕಿಲ್ಲ. ಇದನ್ನ ನಾ ಜೋರಾಗಿ ಹೇಳ್ತೀನಿ, ಯಾಕಂದ್ರ ಕೀಮೋ ಮುಗಿಸಿ ವಾಂತಿ ಮಾಡ್ಕೊಂತ ಮಲಗಿದ ಹೆಣ್ಣಮಗಳ ಮುಂದ ನಿಂತು "ನೀ ಧೈರ್ಯ ತಗೊಂಡ್ರ ಎಲ್ಲಾ ಆರಾಮಾಗತೈತಿ" ಅನ್ನೋದು ಆಕಿ ತಲಿ ಮ್ಯಾಲೆ ಇನ್ನೊಂದು ಕಲ್ಲು ಇಟ್ಟಂಗ, ನಾಳೆ ಜಡ್ಡು ಹೆಚ್ಚಾದ್ರ ನಾನ ಧೈರ್ಯ ತಗೊಳ್ಳಲಿಲ್ಲ ಅಂತ ಆಕಿ ತನ್ನನ್ನ ತಾನ ಬೈಕೋತಾಳ. ನಿಮಗೂ ಅದ ಹೇಳ್ತೀನಿ ಅಣ್ಣಾರ. ಅವ್ವ ಅಪ್ಪ ಇಬ್ಬರೂ ಹೋಗಿ ಇನ್ನೂ ವರ್ಷ ತುಂಬಿಲ್ಲ, ನಿಮಗ ಅಳು ಬಂದ್ರ ಆಯುಷ್ಯ ಕಮ್ಮಿ ಆಗೂದಿಲ್ಲ. ಅಳ್ರಿ. ಆದ್ರ ನಿದ್ದಿ ಇಲ್ಲದ ತಿಂಗಳಾನಗಟ್ಲೆ ಆಯ್ತು ಅಂದ್ರ ಅದು ತೋರಸೋ ವಿಷಯ, 14416ಕ್ಕ ಫೋನ್ ಹಚ್ಚಿದ್ರ ಟೆಲಿ ಮಾನಸ್‌ನವರು ಸರ್ಕಾರದ ಕಡೆಯಿಂದ ಪುಕ್ಕಟ ಮಾತಾಡ್ತಾರ, ಕನ್ನಡದಾಗನೂ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ದವಾಖಾನಿನೂ ಐತಿ.

ಹಂಗಂದ್ರ ಯಾವುದು ಆಯುಷ್ಯ ಹಿಡಿತೈತಿ? 2010ರಾಗ 148 ಸ್ಟಡಿ, ಮೂರು ಲಕ್ಷಕ್ಕಿಂತ ಜಾಸ್ತಿ ಮಂದಿ, ಎಲ್ಲಾ ಕೂಡಿಸಿ ನೋಡಿದವರು ಹೇಳಿದ್ದು ಮಂದಿ ಜೋಡಿ ಗಟ್ಟಿ ಸಂಬಂಧ ಇದ್ದವರು ಬದುಕಿ ಉಳಿಯೋ ಸಂಭವ 50 ಪರ್ಸೆಂಟ್ ಜಾಸ್ತಿ ಅಂತ. ಇದು ಓದಿದಾಗ ನನಗ ನನ್ನ ಅಪ್ಪ ನೆನಪಾದ್ರು. ಆಲಮಟ್ಟಿ ಡ್ಯಾಮಿನ ಮುಳುಗಡ್ಯಾಗ ನಮ್ಮ ಹಳೇ ಬಾಗಲಕೋಟಿ ಮನಿ ಹೋಯ್ತು, ನವನಗರದ ಸೆಕ್ಟರಿನಾಗ ಹೊಸಾ ಮನಿ ಕಟ್ಟಿದ್ವಿ, ಗಾಳಿ ಬೆಳಕು ಎಲ್ಲಾ ಇತ್ತು, ಮುಂದ ಕಟ್ಟಿ ಮಾತ್ರ ಇರ್ಲಿಲ್ಲ. ಅಪ್ಪ ಎರಡು ತಿಂಗಳು ಗೇಟ್ ಹಿಡ್ಕೊಂಡು ನಿಂತು ರಸ್ತಾ ನೋಡತಿದ್ರು. ಆಮೇಲೆ ಒಂದಿನ ಹೇಳದ ಕೇಳದ ಬಸ್ಸು ಹತ್ತಿ ಹಳೇ ಊರಾಗ ಮುಳುಗದ ಉಳಿದ ಕಡೆ ಹೋಗಿ, ಪರಿಚಯದವರ ಅಂಗಡಿ ಮುಂದ ಕುಂತು ಚಾ ಕುಡದು ಮಧ್ಯಾಹ್ನಕ್ಕ ಬಂದ್ರು. ಬೈದ್ವಿ. ಮರುದಿನ ಮತ್ತ ಹೋದ್ರು. ನಮ್ಮ ಅವ್ವ "ಹೋಗ್ಲಿ ಬಿಡ್ರಿ, ಬಂದು ಎರಡು ರೊಟ್ಟಿ ತಿಂತಾರ" ಅಂದ್ಲು, ಅವತ್ತಿನಿಂದ ಬಸ್ಸಿನ ರೊಕ್ಕ ಕಿಸೇಕ ಇಟ್ಟು ಕಳಸೋದು ನನ್ನ ಕೆಲಸ ಆಯ್ತು. 88 ವರ್ಷ ಬದುಕಿದ್ರು. ಅದರಿಂದನ ಬದುಕಿದ್ರು ಅನ್ನಾಕ ನನಗ ಬರೂದಿಲ್ಲ, ಮ್ಯಾಲೆ ಹೇಳಿದ ಲೆಕ್ಕ ನನಗೂ ಅನ್ವಯ ಆಗತೈತಿ. ಆದ್ರ ಆ ಎರಡು ರೊಟ್ಟಿ ನಾ ಕಣ್ಣಾರೆ ನೋಡೀನಿ.

ಹಂಗಾದ್ರ ಅವ್ವನ್ನ ಊರಾಗ ಬಿಡಬೇಕಿತ್ತೇನು ಅಂತೀರಿ. ಬಿಟ್ಟಿದ್ರ, ರಾತ್ರಿ ಎದಿ ನೋವು ಬಂದಾಗ ಒಬ್ಬಾಕಿನ ಇದ್ಲು ಅಂತ ಅದೇ ಬೀಗರು ಅದೇ ಬಾಯಿಲೆ ಬೈತಿದ್ರು. ನೀವು ಅವ್ವ ಒಬ್ಬಾಕಿ ಆಗಬಾರ್ದು ಅಂತ ಕರ್ಕೊಂಡು ಬಂದ್ರಿ, ಯಾವ ಮಗ ಆದ್ರೂ ಅದ ಮಾಡ್ತಾನ, ನಾನೂ ಅದ ಮಾಡ್ತಿದ್ದೆ. ಗೆಳತ್ಯಾರನ್ನ, ಓಣಿನ್ನ ಕಾರಿನಾಗ ಹಾಕ್ಕೊಂಡು ತರಾಕ ಬರೂದಿಲ್ಲ ಅನ್ನೋದು ನಿಮ್ಮ ತಪ್ಪಲ್ರಿ.

ನನಗ ಬ್ಯಾಸರ ಇರೋದು ನಮ್ಮ ಪದ್ಧತಿ ಮ್ಯಾಲೆ. ಸಾವಾದ ಮನ್ಯಾಗ ಒಲಿ ಹಚ್ಚಂಗಿಲ್ಲ ಅಂತ ಓಣ್ಯಾವರು ಅನ್ನ ಸಾರು ತರ್ತಾರ, ಬೀಗರು ಬುತ್ತಿ ತರ್ತಾರ, ಎಷ್ಟು ಚಂದ ಪದ್ಧತಿ ಅದು, ಉಣ್ಣವಲ್ಲೆ ಅಂದ್ರೂ ಬಾಯಿಗೆ ತುತ್ತು ಇಟ್ಟು ಹೋಗ್ತಾರ. ದಿನಾ ಮುಗದ ಮರುದಿನ ಬಾಗಿಲ ಮುಂದ ಒಂದು ಚಪ್ಪಲಿ ಇರೂದಿಲ್ಲ. ಆ ಇಂಗ್ಲೆಂಡಿನ ಲೆಕ್ಕ ಹೇಳಿದ್ದು ಆರು ತಿಂಗಳು, ನಾವು ಎರಡು ವಾರ ತುಂಬೋದ್ರಾಗ ಎದ್ದು ಬರ್ತೀವಿ.

ಅದಕ್ಕ ನಿಮ್ಮ ಪತ್ರದ ಕಡೀ ಸಾಲಿಗೆ ಬರ್ತೀನಿ. ಚಿಗವ್ವನ ಗಂಡ ದೀಪಾವಳಿ ಮುಂದ ಹೋಗ್ಯಾರ ಅಂದ್ರ ಈ ಸಂಚಿಕೆ ನಿಮ್ಮ ಕೈ ಸೇರೋ ಹೊತ್ತಿಗೆ ಆರು ತಿಂಗಳದಾಗ ಅರ್ಧಾನೂ ಕಳದಿರೂದಿಲ್ಲ. ಆಕಿನ್ನ ನವನಗರಕ್ಕ ಕರ್ಕೊಂಡು ಬರ್ರಿ ಅಂತ ಹೇಳೂದಿಲ್ಲ ನಾ, ಆಕಿ ಕೇಳಿದ್ರ ಮಾತ್ರ ಬರ್ಲಿ. ಈ ಐತಾರ ನೀವ ಹೋಗ್ರಿ. ಊಟದ ಹೊತ್ತಿಗೆ ಹೋಗ್ರಿ, ಆಕಿ ಕೈಯಾಗ ರೊಟ್ಟಿ ಮಾಡಸ್ರಿ, ಜೋಡಿ ಕುಂತು ಉಣ್ರಿ. ಹೋದವರ ಹೆಸರು ತಗದು ಮಾತಾಡ್ರಿ, ತಗದ್ರ ಆಕಿ ಅಳ್ತಾಳ ಅಂತ ಹೆದರಬ್ಯಾಡ್ರಿ. ಏಳೋ ಮುಂದ ಗುಳಿಗಿ ಡಬ್ಬಿ ತಗಸಿ ಎಷ್ಟು ಉಳದಾವ ಎಣಸ್ರಿ, ದವಾಖಾನಿ ಚೀಟಿ ಮ್ಯಾಲಿನ ತಾರೀಖು ನೋಡ್ರಿ, ಪಕ್ಕದ ಮನ್ಯಾಕಿ ಫೋನ್ ನಂಬರ್ ಬರ್ಕೊಂಡು ಬರ್ರಿ. ಮತ್ತ ಮುಂದಿನ ಐತಾರ ಹೋಗ್ರಿ.