ಅಮೆರಿಕದ ಫಿನ್ನಿಶ್ ಮೂಲದ ಕುಟುಂಬಗಳು ವರ್ಷಕ್ಕೊಮ್ಮೆ ಸರೋವರದ ದಡದಲ್ಲೇ ಸೇರುವುದೇಕೆ?

ಮುಖ್ಯ ಕಾರಣ ಸೌನಾ. ಒಲೆ ಮೇಲಿನ ಕಾದ ಕಲ್ಲುಗಳಿಗೆ ನೀರೆರಚಿ ಹಬೆ ಎಬ್ಬಿಸುವ ಮರದ ಸ್ನಾನದ ಕೋಣೆ ಅದು. ಒಳಗೆ ಸಾಮಾನ್ಯವಾಗಿ 70-80 ಡಿಗ್ರಿ, ಕೆಲವೊಮ್ಮೆ ಇನ್ನೂ ಜಾಸ್ತಿ. ಬೆವರಿ ಹೊರಬಂದವರಿಗೆ ತಕ್ಷಣ ತಣ್ಣೀರು ಬೇಕು, ಅಲ್ವಾ? ಅದಕ್ಕೇ ನೀರಿನ ದಡ ಸಿಕ್ಕಿದರೆ ಸೌನಾ ಅಲ್ಲೇ ಏಳುತ್ತದೆ.

1860ರ ದಶಕದಿಂದ ಫಿನ್‌ಲ್ಯಾಂಡಿನವರು ಮಿಷಿಗನ್‌ನ ತಾಮ್ರದ ಗಣಿಗಳಿಗೆ, ಆಮೇಲೆ ಮಿನ್ನೆಸೋಟಾದ ಕಬ್ಬಿಣದ ಗಣಿಗಳಿಗೆ ದುಡಿಯಲು ಬಂದರು. ಅಲ್ಲೂ ತಮ್ಮೂರಿನಂತೆಯೇ ಕಾಡು, ಸರೋವರ. ಗಣಿ ಬಿಟ್ಟು ಜಮೀನು ಹಿಡಿದವರಲ್ಲಿ ಅನೇಕರು ಮೊದಲು ಕಟ್ಟಿದ್ದು ಮನೆಯನ್ನಲ್ಲ, ಸೌನಾವನ್ನು. ಮನೆ ಆಗುವವರೆಗೆ ಅದರಲ್ಲೇ ವಾಸ. ಹೆರಿಗೆಗಳೂ ಅಲ್ಲೇ ಆಗುತ್ತಿದ್ದವು. ಮೊಮ್ಮಕ್ಕಳ ಕಾಲಕ್ಕೆ ಭಾಷೆ ಬಹುಪಾಲು ಮರೆತುಹೋಯಿತು, ಸೌನಾ ಬಿಡಲಿಲ್ಲ. ಹಾಗಾಗಿ ಚದುರಿದ ನೆಂಟರು ಸೇರಲು ಅದೇ ಸಹಜ ಜಾಗ.

ಜೂನ್ ಕೊನೆಯ ಯುಹಾನ್ನುಸ್ ಹಬ್ಬಕ್ಕೆ ಸೇರಿದರೆ ದಡದಲ್ಲಿ ದೊಡ್ಡ ಬೆಂಕಿ ಹಾಕುವ ರೂಢಿಯೂ ಉಂಟು. ಕಾಫಿ ಜೊತೆ ಪುಲ್ಲಾ ಎಂಬ ಸಿಹಿ ಬ್ರೆಡ್ ಇರುತ್ತದೆ. ಅದರ ಘಮ ನಮಗೆ ಹೊಸದೇನಲ್ಲ, ಏಲಕ್ಕಿಯದು.